‘ಡಾಕ್ಟರ್ ಹೂ’ ಹುಟ್ಟಿದ್ದು ಯಾರಿಂದ?

1963ರ ನವೆಂಬರ್ 23ರ ಶನಿವಾರ ಸಂಜೆ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಮೊದಲ ಕಂತು ಬಂತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಗಿತ್ತು. ಮರುವಾರ ಅದೇ ಕಂತನ್ನು ಮತ್ತೊಮ್ಮೆ ತೋರಿಸಿ ಎರಡನೆಯದಕ್ಕೆ ಹೋದರು. ಅದರ ನಾಯಕ, ಕಾಲದಲ್ಲಿ ಹಿಂದೆ ಮುಂದೆ ಅಲೆಯುವ ಡಾಕ್ಟರ್ ಎಂಬ ಮುದುಕನನ್ನು ಹುಟ್ಟಿಸಿದವರು ಯಾರು ಎಂಬ ಅಭಿಮಾನಿಗಳ ಚರ್ಚೆ ಇಂದಿಗೂ ನಿಂತಿಲ್ಲ. ಮುಂಬಯಿ ಬಳಿಯ ಠಾಕುರ್ಲಿಯಲ್ಲಿ ಕೂತು ಅದನ್ನು ಓದುತ್ತ ಬಂದ ನನಗೆ, ಆ ಚರ್ಚೆಯೇ ವಿಮರ್ಶೆಗೆ ತಕ್ಕ ಕೃತಿಯಂತೆ ಕಾಣುತ್ತದೆ.

ಬಹುಮಂದಿ ಕೊಡುವ ಉತ್ತರ ಸಿಡ್ನಿ ನ್ಯೂಮನ್. ಕೆನಡಾದಿಂದ ಬಂದು ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥರಾದವರು. ಆದರೆ ಅವರು ಆ ಕುರ್ಚಿಯಲ್ಲಿ ಕೂರುವ ಮುಂಚೆಯೇ, 1962ರಲ್ಲಿ, ಬಿಬಿಸಿಯ ಆಲಿಸ್ ಫ್ರಿಕ್ ಮತ್ತು ಸಹೋದ್ಯೋಗಿಗಳು ವಿಜ್ಞಾನ ಕಥೆಗಳನ್ನು ಟಿವಿಗೆ ತರಬಹುದೇ ಎಂದು ವರದಿ ಬರೆದಿದ್ದರು. ಕಾಲಪ್ರಯಾಣದ ಮಾತು ಅಲ್ಲೇ ಇದೆ. ಪಾತ್ರಗಳ ಮೊದಲ ಕರಡು ಸಿ.ಇ. ವೆಬರ್ ಅವರದು. ಮೊದಲ ಕಥೆಯನ್ನು ಬರೆದವರು ಆಂಥನಿ ಕೋಬರ್ನ್. ಈ ಹಳೆಯ ಕಡತಗಳನ್ನು ಸಾಲು ಸಾಲಾಗಿ ಓದಿ, ಯಾವ ಮಾತು ಯಾರ ಕೈಯಿಂದ ಬಂತೆಂದು ಬಿಡಿಸಿಟ್ಟವರಲ್ಲಿ ಅಭಿಮಾನಿಗಳೇ ಮುಂದು. ಇಷ್ಟೆಲ್ಲ ಬಿಡಿಸಿದ ಮೇಲೂ ‘ನಿಜವಾದ ಜನಕ’ ಒಬ್ಬನೇ ಬೇಕೆಂದು ಹಟ ಹಿಡಿಯುವುದು ಮಾತ್ರ ಈ ಚರ್ಚೆಯ ದೊಡ್ಡ ದೌರ್ಬಲ್ಯ. ತಾವೇ ಅಗೆದು ತೆಗೆದ ಸಾಕ್ಷ್ಯ ಏನು ಹೇಳುತ್ತಿದೆ ಎಂಬುದನ್ನು ಆಗ ಅವರೇ ಕೇಳಿಸಿಕೊಳ್ಳುವುದಿಲ್ಲ.

ನನ್ನ ಮಟ್ಟಿಗೆ ಈ ಧಾರಾವಾಹಿ ಹುಟ್ಟಿದ್ದು ಮೊದಲ ಕಂತಿನ ಎರಡನೆಯ ಸಲದ ಚಿತ್ರೀಕರಣದಲ್ಲಿ. ಸೆಪ್ಟೆಂಬರ್ 27ರಂದು ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ಮಾಡಿದ ಕಂತನ್ನು ನ್ಯೂಮನ್ ಒಪ್ಪಲಿಲ್ಲ. ಡಾಕ್ಟರನ ಕಾಲಯಂತ್ರದ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಡಾಕ್ಟರ್ ಬಲು ಸಿಡುಕನಾಗಿದ್ದ. ಅಕ್ಟೋಬರ್ 18ಕ್ಕೆ ಎಲ್ಲವನ್ನೂ ಹೊಸದಾಗಿ ಮಾಡಿದರು. ಎರಡೂ ಪ್ರತಿ ಉಳಿದಿರುವುದು ನಮ್ಮ ಭಾಗ್ಯ, ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೊದಲನೆಯದರಲ್ಲಿ ಡಾಕ್ಟರ್ ತೊಟ್ಟಿದ್ದು ಅಂದಿನ ಸಾಮಾನ್ಯ ಕೋಟು, ಟೈ. ಎರಡನೆಯದರಲ್ಲಿ ಹಳೆಯ ಕಾಲದ ಉಡುಗೆ. ಮೊದಲನೆಯದರಲ್ಲಿ ಮೊಮ್ಮಗಳು ಸೂಸನ್ ತಾನು 49ನೆಯ ಶತಮಾನದವಳೆಂದು ಹೇಳಿಬಿಡುತ್ತಾಳೆ. ಎರಡನೆಯದರಲ್ಲಿ ಬೇರೆ ಕಾಲ, ಬೇರೆ ಲೋಕ ಎಂದಷ್ಟೇ. ಆ ಒಂದು ಸಂಖ್ಯೆಯನ್ನು ತೆಗೆದದ್ದರಿಂದ ಅರುವತ್ತು ವರ್ಷಗಳ ಕಥೆಗೆ ಜಾಗವಾಯಿತು.

ಎರಡೂ ಸಲ ಆ ಕಂತನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಲಖನೌದಲ್ಲಿ 1938ರಲ್ಲಿ ಹುಟ್ಟಿ, ಬಾಲ್ಯವನ್ನು ಈ ನಮ್ಮ ಮುಂಬಯಿಯಲ್ಲಿ ಕಳೆದು, 1946ರಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಹೋದವರು. ತಾಯಿ ಕಾದಂಬರಿಗಾರ್ತಿ ಅತಿಯಾ ಹುಸೇನ್. ಆ ಕಂತು ಮಾಡುವಾಗ ವಾರಿಸ್ ಅವರಿಗೆ 24 ವರ್ಷ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ 27. ಇವರಿಬ್ಬರನ್ನೂ ಜನಕರ ಪಟ್ಟಿಯ ಅಡಿಟಿಪ್ಪಣಿಗೆ ತಳ್ಳುವುದು ನನಗೆ ಅನ್ಯಾಯವೆನ್ನಿಸುತ್ತದೆ. ಡೆಲಿಯಾ ಡರ್ಬಿಶೈರ್ ಕಥೆಯೂ ಹೀಗೆಯೇ. ರಾನ್ ಗ್ರೇನರ್ ಬರೆದ ಶೀರ್ಷಿಕೆ ಸಂಗೀತಕ್ಕೆ ಟೇಪು ಕತ್ತರಿಸಿ ಅಂಟಿಸಿ ನಾದ ಕೊಟ್ಟವರು ಅವರು. ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಮೂಡಿದ್ದು 2013ರ ಸುವರ್ಣ ವರ್ಷದ ಕಂತಿನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಅಭಿಮಾನಿಗಳ ಹೆಚ್ಚುಗಾರಿಕೆ ಇನ್ನೊಂದಿದೆ. ಬಿಬಿಸಿ ಆ ಕಾಲದ ಎಷ್ಟೋ ಟೇಪುಗಳನ್ನು ಅಳಿಸಿಹಾಕಿತು. 1964ರಲ್ಲಿ ಹೆಚ್ಚಿನ ಪಾಲು ವಾರಿಸ್ ಹುಸೇನ್ ನಿರ್ದೇಶಿಸಿದ ‘ಮಾರ್ಕೋ ಪೋಲೋ’ ಕಥೆಯ ಏಳು ಕಂತುಗಳ ದೃಶ್ಯಗಳೂ ಹೋದವು. ಆದರೆ ಧ್ವನಿ ಪೂರ್ತಿ ಇದೆ, ಏಕೆಂದರೆ ಮನೆಯಲ್ಲಿ ಟಿವಿಯ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂತ ವೀಕ್ಷಕರಿದ್ದರು. ಮೂಲದ ಬಗ್ಗೆ ವಾದ ಮಾಡುವ ಹಕ್ಕನ್ನು ಆ ಜನ ದುಡಿದೇ ಗಳಿಸಿದ್ದಾರೆ.

ನಮ್ಮ ಧಾರಾವಾಹಿಗಳಿಗೂ ಇಂಥ ಹುಡುಕಾಟ ಬೇಕು. ಮುಂಬಯಿಯಲ್ಲೇ ತಯಾರಾದ ಸೂಪರ್‌ಹೀರೋ ಧಾರಾವಾಹಿ ‘ಶಕ್ತಿಮಾನ್’ 1997ರ ಸೆಪ್ಟೆಂಬರಿನಿಂದ 2005ರವರೆಗೆ ದೂರದರ್ಶನದಲ್ಲಿ ನಡೆಯಿತು. ಠಾಕುರ್ಲಿ, ಡೊಂಬಿವಲಿಯ ಕನ್ನಡದ ಮನೆಗಳ ಮಕ್ಕಳೂ ಅದನ್ನು ನೋಡುತ್ತ ಬೆಳೆದರು. ಅದರ ಮೂಲದ ಮಾತು ಬಂದರೆ ‘ಸೂಪರ್‌ಮ್ಯಾನ್ ನಕಲೋ ಅಲ್ಲವೋ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ನಾಯಕ ನಟ ಮುಖೇಶ್ ಖನ್ನಾ ಹೆಸರು ಎಲ್ಲರ ಬಾಯಲ್ಲಿದೆ, ನಿರ್ದೇಶಕ ದಿನಕರ್ ಜಾನಿ ಎಷ್ಟು ಜನಕ್ಕೆ ನೆನಪು? ಗಿರಗಿರನೆ ತಿರುಗಿ ಹಾರುವ ಆ ದೃಶ್ಯವನ್ನು ಯಾವ ಉಪಕರಣದಲ್ಲಿ, ಎಷ್ಟು ಖರ್ಚಿನಲ್ಲಿ ಮಾಡಿದರು? ಮೊದಲ ಕರಡಿನಲ್ಲಿದ್ದು ಕೊನೆಗೆ ಬಿಟ್ಟದ್ದೇನು? ಇವನ್ನೆಲ್ಲ ಅದರ ಸಂಕಲನಕಾರರನ್ನೂ ಸೆಟ್ ಕಟ್ಟಿದವರನ್ನೂ ಹುಡುಕಿ ಕೇಳಿ, ಈಗಲೇ ಬರೆದಿಡಬೇಕು.