ಬಾಲ ಹಿಡಿದರೆ ಪದ ಸಿಕ್ಕುತ್ತದೆ

ಲಾಕಪ್, ಲಾಕೌಟ್, ಲಾಕ್‌ಡೌನ್. ಕಲಬುರಗಿಯಲ್ಲಿ ಈ ಮೂರು ಪದ ಕೇಳದವರು ಸಿಗುವುದು ಕಷ್ಟ. ಠಾಣೆಯಲ್ಲಿ ಆರೋಪಿಯನ್ನು ಕೂಡಿಹಾಕುವ ಕೋಣೆ ಲಾಕಪ್. ಮಾಲೀಕ ಗೇಟಿಗೆ ಬೀಗ ಜಡಿದು ಕಾರ್ಮಿಕರನ್ನು ಹೊರಗೇ ನಿಲ್ಲಿಸಿದರೆ ಅದು ಲಾಕೌಟ್. ಲಾಕ್‌ಡೌನ್ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ದೇಶದಲ್ಲಿ ಮೊದಲು ಬಲಿಯಾದವರು ಈ ಊರಿನ ಹಿರಿಯರೊಬ್ಬರು. ಆ ತಿಂಗಳು ಮುಗಿಯುವುದರೊಳಗೆ ಸೂಪರ್ ಮಾರ್ಕೆಟಿನ ತರಕಾರಿ ಗಾಡಿಯವರ ಬಾಯಲ್ಲೂ ಆ ಪದ ಕೂತಿತ್ತು.

ಮೂರರಲ್ಲೂ ಬೀಗ ಒಂದೇ, ಅದರ ಹಿಂದೆ ನಿಂತ ಪುಟ್ಟ ಪದ ಮಾತ್ರ ಬೇರೆ. ಅಪ್ ಎಂದಾಗ ಒಳಗೆ ಪೂರಾ ಬಂದ್, ಔಟ್ ಎಂದಾಗ ಬಾಗಿಲಿನ ಆಚೆ, ಡೌನ್ ಎಂದಾಗ ಇದ್ದಲ್ಲೇ ಅಲುಗದಂತೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಪುಟ್ಟ ಪದ ಬಾಲದಂತೆ ಅಂಟಿದ ಜೋಡಿಯೇ ಫ್ರೇಸಲ್ ವರ್ಬ್. ಈ ವ್ಯತ್ಯಾಸವನ್ನು ಯಾವ ಪುಸ್ತಕವನ್ನೂ ತೆರೆಯದೆ ತಿಳಿದುಕೊಂಡ ಊರಿನ ಮಕ್ಕಳು ಫ್ರೇಸಲ್ ವರ್ಬ್ ಎಂದ ಕೂಡಲೇ ಬೆವರುತ್ತಾರೆ. ತಪ್ಪು ಮಕ್ಕಳದಲ್ಲ. ನಾವು ಅದನ್ನು ಕಲಿಸುತ್ತಿರುವ ದಾರಿ ತಪ್ಪಾಗಿದೆ.

ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಈಚೆಗೆ ನನ್ನ ಪಕ್ಕದ ಸೀಟಿನಲ್ಲಿದ್ದಳು. ಕೈಯಲ್ಲಿ ಎ ಇಂದ ಝಡ್‌ವರೆಗೆ ಸಾಲಾಗಿ ಬರೆದ ಪಟ್ಟಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಅರ್ಥ.

“ಮುನ್ನೂರು ಬಾಯಿಪಾಠ ಮಾಡೀನ್ರಿ ಸರ್. ಪರೀಕ್ಷಾಕ್ಕ ಕುಂತ್ರ ಪುಟ್ ಆಫ್ ಯಾವ್ದು, ಪುಟ್ ಔಟ್ ಯಾವ್ದು, ಎಲ್ಲಾ ಕಲಸಿ ಹೋಗ್ತಾವ್ರಿ” ಎಂದಳು.

“ನಿಮ್ಮ ಹೊಲದಾಗ ಬಾಳಿ ಅದ ಏನು ಯವ್ವಾ?”

“ಅದರಿ. ಕೆಂಪು ಬಾಳಿ.”

“ಗೊನಿ ಭಾರ ಆಗಿ ಗಿಡ ವಾಲಿದ್ರ ಏನ್ ಮಾಡ್ತೀರಿ?”

“ಕವಲುಕೋಲು ಕೊಡ್ತೀವ್ರಿ. ಇಲ್ಲಾಂದ್ರ ಬೀಳ್ತದ.”

ಅದೇ ಪ್ರಾಪ್ ಅಪ್. ಪ್ರಾಪ್ ಎಂದರೆ ಆಸರೆಯ ಕೋಲು, ಅಪ್ ಎಂದರೆ ಮೇಲಕ್ಕೆ, ನೆಟ್ಟಗೆ. ಬೀಳುವ ಗಿಡವನ್ನು ಕೋಲು ಕೊಟ್ಟು ನಿಲ್ಲಿಸುವ ಈ ಚಿತ್ರ ಮನಸ್ಸಿನಲ್ಲಿ ಕೂತರೆ, ಪಕ್ಷೇತರರ ಬೆಂಬಲದಿಂದ ನಿಂತ ಸರ್ಕಾರಕ್ಕೆ ಇಂಗ್ಲಿಷ್ ಪತ್ರಿಕೆ ಇದೇ ಮಾತು ಬಳಸಿದಾಗ ನಿಘಂಟು ಬೇಕಾಗುವುದಿಲ್ಲ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಅವಳಿಗೆ ಅಂದು ಇಂಗ್ಲಿಷ್ ಪಾಠವನ್ನೂ ಹೇಳಿತು. ಗೊನೆ ಕೊಯ್ದ ಮೇಲೆ ಗಿಡವನ್ನು ಬುಡಕ್ಕೆ ಕಡಿದು ಕೆಡವಿದರೆ ಕಟ್ ಡೌನ್. ಒಣಗಿದ ಎಲೆಯನ್ನು ಗಿಡದಿಂದ ಬೇರೆ ಮಾಡಿದರೆ ಕಟ್ ಆಫ್. ಹಣ್ಣಿನ ಕೊಳೆತ ಭಾಗವನ್ನು ಕೊರೆದು ತೆಗೆದರೆ ಕಟ್ ಔಟ್. ಉಳಿದದ್ದನ್ನು ಹೋಳು ಹೋಳಾಗಿ ಹೆಚ್ಚಿದರೆ ಕಟ್ ಅಪ್. ಇಷ್ಟಾದ ಮೇಲೆ ಅವಳೇ ಕೇಳಿದಳು: “ಪರೀಕ್ಷಾದ ಕಟ್‌ಆಫ್ ಮಾರ್ಕ್ಸ್ ಅಂದ್ರ ಇದೇ ಏನ್ರಿ?” ಹೌದು, ಇದೇ. ಆ ಗೆರೆಗಿಂತ ಕೆಳಗಿದ್ದವರನ್ನು ಒಣಗಿದ ಎಲೆಯಂತೆ ಬೇರೆ ಮಾಡುವ ಅಂಕ ಅದು. ವರ್ಷವೆಲ್ಲ ಅವಳ ನಿದ್ದೆ ಕೆಡಿಸಿದ್ದ ಪದದ ಅರ್ಥ ಅವಳ ಹೊಲದಲ್ಲೇ ಇತ್ತು.

ಈ ಜಾತಿಯ ಕ್ರಿಯಾಪದ ಪರಭಾಷೆಯವರಿಗೆ ಕಷ್ಟ ಕೊಡುತ್ತದೆ ಎಂಬುದು ಹೊಸ ದೂರಲ್ಲ. 1755ರಲ್ಲಿ ತನ್ನ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಇವುಗಳ ತೊಡಕನ್ನು ಎತ್ತಿ ಹೇಳಿ, ತಾನು ಇವನ್ನು ವಿಶೇಷ ಕಾಳಜಿಯಿಂದ ಕೂಡಿಸಿದ್ದೇನೆ ಎಂದಿದ್ದಾನೆ. ಫ್ರೇಸಲ್ ವರ್ಬ್ ಎಂಬ ಹೆಸರು ಅಚ್ಚಿನಲ್ಲಿ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಲ್ಲಿ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಅದು ಎಂದು ಸ್ಮಿತ್ ತಾನೇ ಹೇಳಿಕೊಂಡಿದ್ದಾನೆ. ಹೆಸರಿಗೆ ನೂರು ವರ್ಷವಾದರೂ ತರಗತಿಯಲ್ಲಿ ಇವು ಇನ್ನೂ ಪಟ್ಟಿಯಾಗಿಯೇ ಉಳಿದಿವೆ.

ಕನ್ನಡದ ಮಕ್ಕಳಿಗೆ ಪಟ್ಟಿಗಿಂತ ಒಳ್ಳೆಯ ಏಣಿ ಇದೆ. ಒಂದು, ನಮ್ಮ ವ್ಯಾಕರಣದ ಉಪಸರ್ಗ. ಹಾರ ಎಂಬ ಒಂದೇ ರೂಪ ಮುಂದಿನ ಅಕ್ಷರ ಬದಲಾದಂತೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಆಗುವುದನ್ನು ಪ್ರೌಢಶಾಲೆಯಲ್ಲಿ ಓದಿರುತ್ತೇವೆ. ಊಟಕ್ಕೂ ಕೊಲೆಗೂ ನಡುವೆ ಇರುವುದು ಒಂದೇ ಉಪಸರ್ಗದ ಅಂತರ. ಇಂಗ್ಲಿಷ್ ತನ್ನ ಉಪಸರ್ಗವನ್ನು ಹಿಂದಕ್ಕೆ ಕಳಿಸಿದೆ, ಅಷ್ಟೇ. ನಾಮಪದವಾದಾಗ ಎಷ್ಟೋ ಸಲ ಅದು ಮತ್ತೆ ಮುಂದಕ್ಕೆ ಬಂದು ನಿಲ್ಲುತ್ತದೆ. ರೋಗ ಬ್ರೇಕ್ ಔಟ್ ಆದರೆ ಅದು ಔಟ್‌ಬ್ರೇಕ್. ಹಣ ಕಮ್ ಇನ್ ಆದರೆ ಇನ್‌ಕಮ್.

ಎರಡನೆಯ ಏಣಿ ಇನ್ನೂ ಹತ್ತಿರದ್ದು, ನಮ್ಮ ನಿತ್ಯದ ಮಾತು. ‘ತಿಂದುಬಿಡು’ ಎನ್ನುವಾಗ ಯಾರೂ ಏನನ್ನೂ ಬಿಡುವುದಿಲ್ಲ, ತಟ್ಟೆಯಲ್ಲಿ ಏನೂ ಉಳಿಯದಂತೆ ತಿನ್ನುತ್ತಾರೆ. ಈಟ್ ಅಪ್ ಎಂದರೂ ಅದೇ. ಅಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ, ‘ಪೂರ್ತಿ’ ಎಂಬ ಅರ್ಥ ಇದೆ. ‘ಮುಚ್ಚಿಹಾಕು’ ಎಂದರೆ ಕವರ್ ಅಪ್. ‘ಬರೆದಿಡು’ ಎಂದರೆ ರೈಟ್ ಡೌನ್. ‘ಓದುತ್ತಾ ಹೋಗು’ ಎಂದರೆ ರೀಡ್ ಆನ್, ನಡೆದು ಹೋಗುವವರು ಅಲ್ಲಿ ಯಾರೂ ಇಲ್ಲ. ‘ಜಡಿಮಳೆ ಹಿಡಿಯಿತು’ ಎಂದರೆ ಸೆಟ್ ಇನ್, ಮಳೆಗೆ ಕೈಯಿಲ್ಲ. ಇನ್ನು ‘ಕಂಡುಹಿಡಿ’ ನೋಡಿ. ಕಾಣುವುದು ಒಂದು, ಹಿಡಿಯುವುದು ಇನ್ನೊಂದು, ಎರಡೂ ಕೂಡಿದಾಗ ಹುಟ್ಟುವುದು ಮೂರನೆಯದು. ಫೈಂಡ್ ಔಟ್ ಕೂಡ ಹೀಗೆಯೇ ಹುಟ್ಟಿದೆ. ನಮ್ಮ ಕಲಬುರಗಿ ಮಾತನ್ನೇ ತೆಗೆದುಕೊಳ್ಳಿ. ‘ಓದ್ಲಾಕತ್ತೀನಿ’ ಎನ್ನುತ್ತೇವೆ. ಓದಲಿಕ್ಕೆ ಹತ್ತಿದ್ದೇನೆ ಎಂಬುದರ ಕುಗ್ಗಿದ ರೂಪ ಅದು. ಮೆಟ್ಟಿಲು ಹತ್ತುವ ಅದೇ ‘ಹತ್ತು’ ಇಲ್ಲಿ ಕೆಲಸ ನಡೆಯುತ್ತಿದೆ ಎಂದು ಹೇಳುವ ಬಾಲಪದವಾಗಿ ಕೂತಿದೆ. ದರ್ಗಾ ರಸ್ತೆಯಲ್ಲಿ ದಖ್ಖನಿ ಆಡುವವರ ಬಾಯಲ್ಲಿ ‘ಖಾ ಲೇ’, ‘ಮಾರ್ ಡಾಲಾ’ ಕೂಡ ಇದೇ ಕಟ್ಟಿನವು. ಹೀಗೆ ಎರಡು ಮನೆಮಾತುಗಳಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸವನ್ನು ಮೂರನೆಯ ಭಾಷೆಯಲ್ಲಿ ಮಾಡಲಾರೆ ಎಂದು ನಮ್ಮ ಮಗು ಯಾಕೆ ನಂಬಬೇಕು?

ಹಾಗೆಂದು ಎಲ್ಲವೂ ಬಿಡಿಸಿದ ಕೂಡಲೇ ಬಿಚ್ಚಿಕೊಳ್ಳುತ್ತವೆ ಎಂದು ನಾನು ಹೇಳುವುದಿಲ್ಲ. ಸಹಿಸಿಕೊಳ್ಳುವುದಕ್ಕೆ ಪುಟ್ ಅಪ್ ವಿತ್ ಎಂದೇಕೆ ಹೇಳುತ್ತಾರೆ ಎಂದು ಕೇಳಿದರೆ ನೇರ ಉತ್ತರ ಸಿಗದು. ನಮ್ಮಲ್ಲೂ ‘ಕೈಹಿಡಿ’, ‘ಕೈಬಿಡು’, ‘ಕೈಹಾಕು’ ಎಂಬವು ಅರ್ಥದ ಎಳೆ ತೋರಿಸುತ್ತವೆ. ‘ಕೈಕೊಡು’ ಎಂದರೆ ಮೋಸ ಮಾಡು ಎಂದು ಮಾತ್ರ ಕೇಳಿ ಕೇಳಿಯೇ ತಿಳಿಯಬೇಕು. ಅಂಥವನ್ನು ಇಡಿಯಾಗಿ, ಒಂದು ವಾಕ್ಯದ ಜೊತೆಗೇ ನೆನಪಿಡಬೇಕು.

ಹೊರೆಯೂ ನಾವು ಹೆದರಿದಷ್ಟು ದೊಡ್ಡದಿಲ್ಲ. ಗಾರ್ಡ್ನರ್ ಮತ್ತು ಡೇವೀಸ್ ಎಂಬ ಇಬ್ಬರು ಸಂಶೋಧಕರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಪಠ್ಯಭಂಡಾರವನ್ನು ಜಾಲಾಡಿ 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಅದರಲ್ಲಿ ಬರುವ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರೀ 100 ಜೋಡಿಗಳದ್ದು. ಗೋ, ಕಮ್, ಟೇಕ್, ಗೆಟ್, ಪುಟ್, ಸೆಟ್‌ನಂಥ ಬೆರಳೆಣಿಕೆಯ ಕ್ರಿಯಾಪದ, ಔಟ್, ಅಪ್, ಆನ್, ಡೌನ್, ಆಫ್‌ನಂಥ ಬೆರಳೆಣಿಕೆಯ ಬಾಲ. ಮುನ್ನೂರರ ಪಟ್ಟಿಗಿಂತ ಈ ನೂರನ್ನು ಚೆನ್ನಾಗಿ ತಿಳಿದವರೇ ಮುಂದೆ ಹೋಗುತ್ತಾರೆ.

ಚೆನ್ನಾಗಿ ತಿಳಿಯುವುದೆಂದರೆ ಅರ್ಥದ ಜೊತೆಗೆ ಜಾಗವನ್ನೂ ದನಿಯನ್ನೂ ತಿಳಿಯುವುದು. ಪಿಕ್ ಅಪ್ ದ ಬುಕ್ ಸರಿ, ಪಿಕ್ ದ ಬುಕ್ ಅಪ್ ಕೂಡ ಸರಿ. ಪುಸ್ತಕದ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ಪಿಕ್ ಇಟ್ ಅಪ್. ‘ಪಿಕ್ ಅಪ್ ಇಟ್’ ಎಂದರೆ ಕೇಳುವವರ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಲುಕ್ ಆಫ್ಟರ್‌ನಂಥವು ಮಾತ್ರ ನಡುವೆ ಯಾರನ್ನೂ ಬಿಡುವುದಿಲ್ಲ: ಲುಕ್ ಆಫ್ಟರ್ ಇಟ್. ಇದಕ್ಕೆ ಕಿವಿಯ ಸಹಾಯವೂ ಉಂಟು. ಲುಕ್ ಇಟ್ ಅಪ್ ಎನ್ನುವಾಗ ಒತ್ತು ‘ಅಪ್’ ಮೇಲೆ ಬೀಳುತ್ತದೆ. ಲುಕ್ ಅಟ್ ಇಟ್ ಎನ್ನುವಾಗ ‘ಅಟ್’ ಕೇಳಿಯೂ ಕೇಳದಂತೆ ಸರಿದುಹೋಗುತ್ತದೆ. ಒತ್ತು ಪಡೆಯುವ ಬಾಲ ಸಾಮಾನ್ಯವಾಗಿ ಹೀಗೆ ಸರಿದಾಡಬಲ್ಲದು, ಒತ್ತಿಲ್ಲದ್ದು ಕದಲದು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲಾಗದು, ಗಟ್ಟಿಯಾಗಿ ಓದಿಯೇ ತೋರಿಸಬೇಕು.

ಇನ್ನೊಂದು ಸೂಕ್ಷ್ಮ ನಮ್ಮ ಮಣ್ಣಿನಲ್ಲೇ ಇದೆ. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. ಹಾಗಾಗಿ ಪೋಸ್ಟ್‌ಪೋನ್ ಗೊತ್ತು, ಪುಟ್ ಆಫ್ ಬಾಯಿಗೆ ಬರುವುದಿಲ್ಲ. ಟಾಲರೇಟ್ ಗೊತ್ತು, ಪುಟ್ ಅಪ್ ವಿತ್ ಹೊಳೆಯುವುದಿಲ್ಲ. ಅರ್ಜಿಗೂ ವರದಿಗೂ ಮೊದಲನೆಯದು ಒಪ್ಪುತ್ತದೆ, ಮನುಷ್ಯರ ನಡುವಿನ ಮಾತಿಗೆ ಎರಡನೆಯದು ಬೇಕು. ‘ಸಹಿಸು’ ಮತ್ತು ‘ತಾಳಿಕೊ’ ನಡುವೆ ಇರುವ ಅಂತರವೇ ಇದು. ಯಾವ ಪದ ಎಲ್ಲಿ ಹೊಂದುತ್ತದೆ, ಸಂಸ್ಕೃತವನ್ನು ಕನ್ನಡಕ್ಕೆ ಹೇಗೆ ಬೆರೆಸಿದರೆ ಕಿವಿಗೆ ಹಿತ ಎಂಬ ವಿಚಾರ 9ನೇ ಶತಮಾನದಲ್ಲೇ ಕವಿರಾಜಮಾರ್ಗದಲ್ಲಿ ನಡೆದಿದೆ. ಅದು ಹುಟ್ಟಿದ ಆಸ್ಥಾನ ಇದ್ದದ್ದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ. ಆ ವಿವೇಕ ಇಂಗ್ಲಿಷಿಗೂ ಸಲ್ಲುತ್ತದೆ. ‘ಕಾಲೇಜಿನಿಂದ ಪಾಸ್ ಔಟ್ ಆದೆ’ ಎಂದು ನಾವು ಹೇಳಿದರೆ ಇಲ್ಲಿ ಪದವಿ ಮುಗಿಸಿದಂತೆ, ಲಂಡನ್ನಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಂತೆ. ಅರ್ಜಿಯನ್ನು ಇಂಗ್ಲೆಂಡಿನವರು ಫಿಲ್ ಇನ್ ಮಾಡುತ್ತಾರೆ, ಅಮೆರಿಕದವರು ಫಿಲ್ ಔಟ್, ನಾವು ಫಿಲ್ ಅಪ್. ಯಾರೊಂದಿಗೆ ಮಾತು ಎಂಬುದನ್ನು ನೋಡಿ ಪದ ಆರಿಸಿದರೆ ಸಾಕು.

ಕರ್ನಾಟಕಕ್ಕೆ ಇಂಗ್ಲಿಷ್ ಕಲಿಕೆಯಲ್ಲಿ ಜಗತ್ತಿಗೆ ಪಾಠ ಹೇಳಿದ ಅನುಭವವೂ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದ ಪ್ರಯೋಗ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಅಲ್ಲಿ ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟು, ರೈಲ್ವೆ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸಿದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ಕಟ್ಟು ತಾನಾಗಿ ಕೂಡಿಬರುತ್ತದೆ ಎಂಬುದು ಪ್ರಭು ಅವರ ನಿಲುವು. 1987ರ ಅವರ ಪುಸ್ತಕವನ್ನು ಹೊರದೇಶದ ಶಿಕ್ಷಕರು ಇಂದಿಗೂ ಓದುತ್ತಾರೆ. ಮುಂಬೈ–ಚೆನ್ನೈ ಮಾರ್ಗದಲ್ಲಿರುವ ಕಲಬುರಗಿ ಸ್ಟೇಷನ್ನಿನ ಒಂದು ವೇಳಾಪಟ್ಟಿ ನಮ್ಮ ತರಗತಿಗೂ ಸಾಕು. ಯಾವ ಗಾಡಿಗೆ ಹತ್ತುತ್ತೀ, ಅಂದರೆ ಗೆಟ್ ಆನ್? ಎಲ್ಲಿ ಇಳಿಯುತ್ತೀ, ಅಂದರೆ ಗೆಟ್ ಆಫ್? ಅತ್ತೆ ಮನೆಯವರು ಯಾವ ಹೊತ್ತಿಗೆ ಬಂದು ಕರೆದೊಯ್ಯಬೇಕು, ಅಂದರೆ ಪಿಕ್ ಅಪ್? ಒಂದು ಪೀರಿಯಡ್ಡಿನಲ್ಲಿ ಹತ್ತು ಜೋಡಿ ಬಾಯಿಪಾಠವಿಲ್ಲದೆ ಬರುತ್ತವೆ.

ಕಮಲಾಪುರ, ಮಹಾಗಾಂವ್, ಆಳಂದದ ಕಡೆಯ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಪಟ್ಟಿ ಕೊಡುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ: ‘ಇದಕ್ಕ ನಿಮ್ಮ ಮನ್ಯಾಗ ಏನಂತೀರಿ?’ ಮಗು ‘ಕೋಲು ಕೊಡ್ತೀವಿ’ ಎಂದ ಮೇಲೆ ಇಂಗ್ಲಿಷ್ ಹೇಳಿ. ಓದುವ ತಮ್ಮ ತಂಗಿಯರಿಗೂ ಒಂದು ಮಾತು. ದಿನಕ್ಕೆ ಒಂದೇ ಜೋಡಿ ಕಲಿಯಿರಿ. ಕಣ್ಣಾರೆ ಕಂಡ ಒಂದು ಕೆಲಸಕ್ಕೆ ಅದನ್ನು ಕಟ್ಟಿ, ನಿಮ್ಮದೇ ಒಂದು ವಾಕ್ಯ ಮಾಡಿ ವಹಿಯಲ್ಲಿ ಬರೆದಿಡಿ. ದಿನಕ್ಕೊಂದರಂತೆ ಆ ನೂರು ಜೋಡಿ ಮುಗಿಯಲು ನೂರು ದಿನ ಸಾಕು, ನಾಲ್ಕು ತಿಂಗಳೂ ಬೇಡ. ಇವತ್ತಿನ ಜೋಡಿಯಾಗಿ ಪ್ರಾಪ್ ಅಪ್ ಬರೆದುಕೊಳ್ಳಿ.