ಆರುವ ದನಿ, ಉಳಿಯುವ ದನಿ

ಪಿಯಾನೊಗೂ ಆರ್ಗನ್ನಿಗೂ ಕರಿ ಮನೆ, ಬಿಳಿ ಮನೆಗಳಿವೆ. ಎರಡನ್ನೂ ಹತ್ತು ಬೆರಳಲ್ಲಿ ನುಡಿಸುತ್ತಾರೆ. ಅಷ್ಟರಿಂದಲೇ ಅವೆರಡೂ ಒಂದೇ ಕುಲದ ವಾದ್ಯಗಳೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನಮ್ಮ ಅನಂತಪುರ ಸೀಮೆಯ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಚರ್ಚುಗಳಲ್ಲಿ ಈ ತೀರ್ಮಾನವೇ ಈಗ ಪದ್ಧತಿಯಾಗಿದೆ. ಆರಾಧನೆಗೆ ಒಂದು ಎಲೆಕ್ಟ್ರಾನಿಕ್ ಕೀಬೋರ್ಡು ತಂದಿಟ್ಟರೆ ಮುಗಿಯಿತು. ಒಂದು ಗುಂಡಿ ಒತ್ತಿದರೆ ಪಿಯಾನೊ, ಇನ್ನೊಂದು ಒತ್ತಿದರೆ ಆರ್ಗನ್, ಎರಡನ್ನೂ ಕೂಡಿಸಿ ಒತ್ತಿದರೆ ಎರಡರ ಮೇಳ. ಕ್ರಿಸ್ಮಸ್ ಕ್ಯಾರಲ್‌ನಿಂದ ಈಸ್ಟರ್‌ವರೆಗೆ, ತೆಲುಗು ಕೀರ್ತನೆಗೂ ಕನ್ನಡ ಕೀರ್ತನೆಗೂ ಅದೇ ಒಂದು ಮಿಶ್ರಣ ಸಾಕೆಂದು ನಡೆದುಕೊಂಡು ಬಂದಿದೆ.

ಇದು ಸಾಲದು ಎಂಬುದು ನನ್ನ ವಾದ. ಆರ್ಗನ್ ಮತ್ತು ಪಿಯಾನೊ ಜೋಡಿವಾದನಕ್ಕೆ ತನ್ನದೇ ಆದ ಸಾಹಿತ್ಯವಿದೆ, ಅದನ್ನು ಕಟ್ಟಿದ ದೊಡ್ಡ ಹೆಸರುಗಳಿವೆ. ಆ ಸಾಹಿತ್ಯದ ಬೆಲೆಯೆಲ್ಲ ನಿಂತಿರುವುದು ಎರಡು ವಾದ್ಯಗಳ ನಡುವಿನ ಅಂತರದ ಮೇಲೆ. ಅಂತರವನ್ನು ಅಳಿಸಿದರೆ ಜೋಡಿಗೆ ಅರ್ಥವಿಲ್ಲ. ಅದನ್ನು ಉಳಿಸಿಕೊಳ್ಳಲು ಬೇಕಾದ ವಾದ್ಯವಾದರೋ ನಮ್ಮ ಸೀಮೆಗೆ ಹೊಸದಲ್ಲ.

ಮೊದಲು ಅಂತರ ಎಲ್ಲಿದೆ ಎಂದು ನೋಡೋಣ. ಪಿಯಾನೊದಲ್ಲಿ ಮನೆ ಒತ್ತಿದಾಗ ಒಳಗೆ ಉಣ್ಣೆಯ ಮೆತ್ತೆ ಹೊದಿಸಿದ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಬಡಿದ ಕ್ಷಣದಲ್ಲೇ ದನಿ ಅತಿ ಜೋರು. ಆಮೇಲೆ ನುಡಿಸುವವನು ಏನು ಮಾಡಿದರೂ ಅದು ಇಳಿಯುತ್ತಲೇ ಹೋಗುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ ಕೇಳಿಸುವುದು ಅದರ ಹೆಚ್ಚುಗಾರಿಕೆ. ಪೈಪ್ ಆರ್ಗನ್ನಿನಲ್ಲಿ ಇದು ತಿರುವುಮುರುವು. ಮನೆ ಒತ್ತಿದರೆ ಪೈಪಿಗೆ ಗಾಳಿ ಬಿಡುವ ಬಾಗಿಲೊಂದು ತೆರೆಯುತ್ತದೆ, ಅಷ್ಟೆ. ಬೆರಳು ಎಷ್ಟು ಹೊತ್ತು ಇದ್ದರೆ ಅಷ್ಟು ಹೊತ್ತೂ ದನಿ ಒಂದೇ ಸಮನೆ ನಿಲ್ಲುತ್ತದೆ. ಬೆರಳಿನ ಬಲದಿಂದ ದನಿ ಹೆಚ್ಚಾಗುವುದಿಲ್ಲ. ಹೆಚ್ಚಿಸಬೇಕಾದರೆ ಇನ್ನಷ್ಟು ಪೈಪುಗಳ ಸಾಲನ್ನು ಎಳೆದು ಸೇರಿಸಬೇಕು, ಇಲ್ಲವೇ ಪೈಪುಗಳನ್ನು ಇಟ್ಟಿರುವ ಪೆಟ್ಟಿಗೆಯ ರೆಕ್ಕೆಗಳನ್ನು ಕಾಲಿನಿಂದ ತೆರೆಯಬೇಕು. ವೀಣೆಗೂ ನಾಗಸ್ವರಕ್ಕೂ ಇರುವಷ್ಟೇ ದೂರ ಇವೆರಡಕ್ಕೂ ಇದೆ. ಒಂದು ಮೀಟಿದೊಡನೆ ಆರಲು ತೊಡಗುತ್ತದೆ, ಇನ್ನೊಂದು ಉಸಿರು ಇರುವ ತನಕ ನಿಲ್ಲುತ್ತದೆ.

ಈ ಎರಡನ್ನು ಒಟ್ಟಿಗೆ ಕೂರಿಸುವಾಗ ಸಂಯೋಜಕ ಎದುರಿಸುವ ಅಪಾಯ ಸ್ಪಷ್ಟವಾಗಿದೆ. ಇಬ್ಬರಿಗೂ ಒಂದೇ ಸ್ವರಸಾಲು ಕೊಟ್ಟರೆ ಪಿಯಾನೊ ಮುಳುಗಿಹೋಗುತ್ತದೆ. ಆರ್ಗನ್ನಿನ ನಿಂತ ದನಿಯ ಕೆಳಗೆ ಅದರ ಇಳಿಯುವ ನಾದ ಕಿವಿಗೆ ಬೀಳುವುದೇ ಇಲ್ಲ, ಬರೀ ಬಡಿತದ ಸದ್ದು ಮಾತ್ರ ಉಳಿಯುತ್ತದೆ. ಚರ್ಚುಗಳಲ್ಲಿ ಕೀರ್ತನೆಗಳನ್ನು ಎರಡು ವಾದ್ಯಕ್ಕೆ ಹೊಂದಿಸುವಾಗ ಆಗುವ ದೊಡ್ಡ ತಪ್ಪು ಇದೇ. ಆರ್ಗನ್ ನಾಲ್ಕೂ ದನಿಗಳನ್ನು ದಪ್ಪವಾಗಿ ಹಿಡಿದುಕೊಂಡಿರುತ್ತದೆ, ಪಿಯಾನೊ ಅದರ ಮೇಲೆ ಮೇಲಿಂದ ಕೆಳಗೆ ಸರಸರ ಓಡಾಡುತ್ತದೆ. ಕೇಳಲು ವೈಭವ ಎನಿಸುತ್ತದೆ, ಆದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹೊಸದಾಗಿ ಹೇಳುವುದಕ್ಕೆ ಯಾವ ವಾದ್ಯದ ಬಳಿಯೂ ಏನೂ ಉಳಿದಿರುವುದಿಲ್ಲ.

ಈ ತೊಡಕನ್ನು ಬಿಡಿಸಿದ ರೀತಿಗೆ ನಾನು ಮತ್ತೆ ಮತ್ತೆ ಮರಳುವ ಕೃತಿ ಸೆಸಾರ್ ಫ್ರಾಂಕ್‌ನ 'ಪ್ರೆಲ್ಯೂಡ್, ಫ್ಯೂಗ್ ಮತ್ತು ವೇರಿಯೇಶನ್'. ಫ್ರಾಂಕ್ (1822–1890) ಪ್ಯಾರಿಸ್ಸಿನ ಸೇಂಟ್ ಕ್ಲೋಟಿಲ್ಡ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. 1868ರಲ್ಲಿ ಅಚ್ಚಾದ ಅವನ ಆರು ಆರ್ಗನ್ ಕೃತಿಗಳಲ್ಲಿ ಇದೂ ಒಂದು. ಗೆಳೆಯ, ಸಂಯೋಜಕ ಸೇಂಟ್-ಸಾನ್ಸ್‌ಗೆ ಅರ್ಪಿಸಿದ್ದು. ಮುಂದೆ ಫ್ರಾಂಕ್ ತಾನೇ ಇದನ್ನು ಎರಡು ವಾದ್ಯಗಳಿಗೆ ಹಂಚಿ ಬರೆದ. ಹಂಚಿದ್ದು ಪಿಯಾನೊಗೆ ಮತ್ತು ಹಾರ್ಮೋನಿಯಂಗೆ. ಈ ಸಂಗತಿಗೆ ಆಮೇಲೆ ಬರುತ್ತೇನೆ.

ಪ್ರೆಲ್ಯೂಡ್ ಒಂಬತ್ತು ಮಾತ್ರೆಯ ತೂಗಾಟದಲ್ಲಿ ಹೊರಡುತ್ತದೆ. ಹಾಡುವ ಎಳೆ ಹಾರ್ಮೋನಿಯಂನದು, ಅದರ ಕೆಳಗೆ ನಡೆಯುವ ಸ್ವರಗಳು ಪಿಯಾನೊದವು. ಹಾಡು ಒಂದು ಉದ್ದ ಸ್ವರದ ಮೇಲೆ ನಿಂತಾಗಲೂ ಪಿಯಾನೊ ನಡೆಯುತ್ತಲೇ ಇರುತ್ತದೆ. ನಿಂತ ಸ್ವರ ಬದಲಾಗಿಲ್ಲ, ಆದರೆ ಕೆಳಗಿನ ಸ್ವರಗಳು ಸರಿದಂತೆ ಅದರ ಬಣ್ಣ ಬದಲಾಗುತ್ತದೆ. ಇದು ಪಿಯಾನೊ ಒಂದರಿಂದಲೇ ಆಗುವ ಕೆಲಸವಲ್ಲ. ಕೆಳಗಿನ ಬದಲಾವಣೆ ಮುಗಿಯುವುದರೊಳಗೆ ಮೇಲಿನ ಸ್ವರ ಆರಿಹೋಗಿರುತ್ತದೆ. ಒಂದೇ ಆರ್ಗನ್ನಿನಲ್ಲಿ ನುಡಿಸಬಹುದು, ಮೂಲಕೃತಿ ಇರುವುದೇ ಹಾಗೆ. ಆದರೆ ಕೆಳಗಿನ ನಡೆಗೆ ಪಿಯಾನೊ ಕೊಡುವ ಹಗುರ ಅಲ್ಲಿ ಸಿಗುವುದಿಲ್ಲ. ಕೊನೆಯ ವೇರಿಯೇಶನ್ ಭಾಗದಲ್ಲಿ ಅದೇ ಹಾಡು ಮರಳಿ ಬರುತ್ತದೆ. ಈ ಸಲ ಪಿಯಾನೊ ಸಣ್ಣ ಸಣ್ಣ ಸ್ವರಗಳಲ್ಲಿ ಹರಿಯುತ್ತದೆ. ಹಾಡನ್ನು ಅಲಂಕರಿಸುವ ಆಸೆಗೆ ಫ್ರಾಂಕ್ ಕೈಹಾಕಿಲ್ಲ; ಹಾಡು ಇದ್ದಂತೆಯೇ ಇದೆ, ಅದು ಕುಳಿತ ನೆಲ ಮಾತ್ರ ಬೇರೆ. ಸಂಯಮದ ಬರವಣಿಗೆ ಎಂದರೆ ಇದು.

ಕೃತಿಯಲ್ಲಿ ಕೊರತೆಯೂ ಉಂಟು. ನಡುವಿನ ಫ್ಯೂಗ್ ಭಾಗದಲ್ಲಿ ಎಲ್ಲ ದನಿಗಳಿಗೂ ಸಮನಾದ ಹಕ್ಕು. ಒಂದು ದನಿ ಹೇಳಿದ್ದನ್ನು ಮುಂದಿನದು ಎತ್ತಿಕೊಳ್ಳಬೇಕು, ಮೊದಲಿನದು ಅದರ ಜೊತೆಗೆ ನಿಲ್ಲಬೇಕು. ಪಿಯಾನೊದ ಪಾಲಿಗೆ ಬಂದ ಉದ್ದ ಸ್ವರಗಳು ಹೀಗೆ ನಿಲ್ಲಲಾರವು. ಹಂಚಿಕೆಯ ಜಾಣತನ ಇಲ್ಲಿ ಸಡಿಲವಾಗುತ್ತದೆ, ಕಿವಿ ಒಂದೇ ವಾದ್ಯದ ಕಡೆ ವಾಲುತ್ತದೆ. ಹಾಗಿದ್ದರೂ ಎರಡು ತುದಿಗಳ ಸೊಗಸು ನಡುವಿನ ಈ ದೌರ್ಬಲ್ಯವನ್ನು ಹೊತ್ತು ನಡೆಸುತ್ತದೆ.

ದೊಡ್ಡ ಆರ್ಗನ್ನಿಗೆ ಬರೆದವರ ದಾರಿ ಬೇರೆ. ಸೇಂಟ್-ಸಾನ್ಸ್ 1886ರ ತನ್ನ ಮೂರನೆಯ ಸಿಂಫನಿಯಲ್ಲಿ ಆರ್ಗನ್ನನ್ನೂ ಪಿಯಾನೊವನ್ನೂ ಒಂದೇ ವಾದ್ಯವೃಂದದಲ್ಲಿ ಕೂರಿಸಿದ. ಕೊನೆಯ ಭಾಗದಲ್ಲಿ ಆರ್ಗನ್ ತನ್ನ ಪೂರ್ತಿ ಬಲದಿಂದ ಒಂದು ಸ್ವರಮೇಳವನ್ನು ಇಳಿಸುತ್ತದೆ. ಅದಾದ ಮೇಲೆ ತಂತಿವಾದ್ಯಗಳು ಮುಖ್ಯ ಎಳೆಯನ್ನು ಮೆತ್ತಗೆ ಎತ್ತಿಕೊಂಡಾಗ ಅವುಗಳ ಮೇಲೆ ಪಿಯಾನೊ ನಾಲ್ಕು ಕೈಗಳಲ್ಲಿ ಮಿನುಗುತ್ತದೆ. ಎರಡು ವಾದ್ಯಗಳ ಸರದಿಯನ್ನು ಬೇರೆಬೇರೆ ಇಟ್ಟಿದ್ದರಿಂದಲೇ ಎರಡೂ ಕೇಳಿಸುತ್ತವೆ. 20ನೆಯ ಶತಮಾನದಲ್ಲಿ ಮಾರ್ಸೆಲ್ ದ್ಯುಪ್ರೆ 1932ರ 'ಬಲಾಡ್'ನಿಂದ ಹಿಡಿದು ಹಲವು ಜೋಡಿಕೃತಿಗಳನ್ನು ಬರೆದ. ಅವನ ಮಗಳು ಮಾರ್ಗರೀಟ್ ಪಿಯಾನೊ ನುಡಿಸುತ್ತಿದ್ದಳು. ಅಪ್ಪ-ಮಗಳು ಕೂಡಿ ನುಡಿಸಲೆಂದು ಹುಟ್ಟಿದ ಸಂಗೀತದಲ್ಲಿ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡುವ ಗುಣ ಇರುವುದು ಸಹಜ.

ಇಂಥ ಪೈಪ್ ಆರ್ಗನ್ ಕೇಳಬೇಕೆಂದರೆ ನಮ್ಮ ಕಡೆಯವರು ಬೆಂಗಳೂರಿಗೆ ಹೋಗಬೇಕು. ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ಆರಂಭವಾದ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1881ರ ಆರ್ಗನ್ ಒಂದಿದೆ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಪೀಟರ್ ಕೋನೇಕರ್ ಕಂಪನಿಯದು. ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಅಂಥದೊಂದನ್ನು ತರಬೇಕೆಂದು ನಾನು ಹೇಳುವುದಿಲ್ಲ. ಹಣದ ಮಾತು ಹಾಗಿರಲಿ, ಹವೆಯೇ ಒಪ್ಪುವುದಿಲ್ಲ. ಗಾಳಿ ಕಾದಷ್ಟೂ ಪೈಪಿನ ಶ್ರುತಿ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅರ್ಧಸ್ವರದಲ್ಲಿ ಮೂರರಲ್ಲೊಂದು ಪಾಲಿನಷ್ಟು ಮೇಲಕ್ಕೆ ಹೋಗುತ್ತದೆ. ಪಿಯಾನೊದ ತಂತಿ ಹಾಗೆ ಏರುವುದಿಲ್ಲ. ಜನವರಿಯಲ್ಲಿ ಕೂಡಿದ ಜೋಡಿ ಏಪ್ರಿಲ್‌ನಲ್ಲಿ ಬೇರೆಯಾಗುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಅನಂತಪುರದ ಸೀಮೆಯಲ್ಲಿ ಪಿಯಾನೊದ ಮರದ ಹಲಗೆಯೂ ಒಣಗಿ ಬಿರಿಯುವ ಭಯವಿದೆ.

ಹಾರ್ಮೋನಿಯಂಗೆ ಈ ಕಷ್ಟ ಕಡಿಮೆ. ಅದರಲ್ಲಿ ಗಾಳಿಗೆ ಕಂಪಿಸಿ ನುಡಿಯುವ ಹಿತ್ತಾಳೆಯ ರೀಡು ಬಿಸಿಲಿಗೆ ಪೈಪಿನಷ್ಟು ಅಲುಗಾಡುವುದಿಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಚಿಕ್ಕ ಚರ್ಚುಗಳಿಗೂ ಮನೆಗಳಿಗೂ ಆರ್ಗನ್ನಿನ ಬದಲಿಗೆ ಇದು ಬಂತು. ಸೇಂಟ್-ಸಾನ್ಸ್ 1858ರಲ್ಲೇ ಹಾರ್ಮೋನಿಯಂ-ಪಿಯಾನೊಗೆಂದು ಆರು ಜೋಡಿಕೃತಿಗಳನ್ನು ಬರೆದ. ಸಂಯೋಜಕರಾದ ಗಿಲ್ಮಾನ್, ವಿಡೋರ್ ಈ ದಾರಿಯನ್ನು ಮುಂದುವರಿಸಿದರು. ಹಾರ್ಮೋನಿಯಂನಲ್ಲಿ ಅವರಿಗೆ ಸಿಕ್ಕ ಹೊಸ ಗುಣವೊಂದಿತ್ತು. ಗಾಳಿಯ ಸಂಗ್ರಹವನ್ನು ಬದಿಗಿಟ್ಟು ತಿದಿಯ ಒತ್ತಡವನ್ನು ನೇರವಾಗಿ ರೀಡಿಗೆ ತಾಗಿಸಬಹುದಿತ್ತು. ಆಗ ನಿಂತ ಸ್ವರವನ್ನೇ ಉಬ್ಬಿಸಬಹುದು, ಇಳಿಸಬಹುದು. ಪೈಪ್ ಆರ್ಗನ್ನಿನ ನಿಲುಗಡೆ ಮತ್ತು ಹಾಡುಗಾರನ ಉಸಿರು ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿದವು. ಆದ್ದರಿಂದ ಈ ಜೋಡಿಸಾಹಿತ್ಯದ ಬಹುಪಾಲು ಒಳ್ಳೆಯದನ್ನು ಹಾರ್ಮೋನಿಯಂನಲ್ಲಿ ನುಡಿಸುವುದು ಬಡವರ ಹೊಂದಾಣಿಕೆಯಲ್ಲ. ಅದು ಹುಟ್ಟಿದ್ದೇ ಹಾಗೆ.

ಈ ಪೆಟ್ಟಿಗೆ ನಮ್ಮ ಸೀಮೆಯಲ್ಲಿ ಬಾಳಿದ ಬಗೆ ಎಲ್ಲರಿಗೂ ಗೊತ್ತು; ಚರ್ಚೂ ನಾಟಕವೂ ಬೇರೂರಿದ ನೆಲ ಅದಕ್ಕೆ ಸಿಕ್ಕಿತು. ಅನಂತಪುರ ಜಿಲ್ಲೆ 1882ರಲ್ಲಿ ಬೇರೆಯಾಗುವ ತನಕ ಬಳ್ಳಾರಿಯೊಳಗೇ ಇತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಬೈಬಲ್ ತಂದ ನೆಲ ಇದು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ನಾಟಕದ ಪದ್ಯವನ್ನು ಪಾತ್ರಧಾರಿಯ ಬಾಯಲ್ಲಿ ಹಾಡಿಸಿದ ನೆಲವೂ ಇದೇ, ತಾಡಪತ್ರಿಯಲ್ಲಿ ಹುಟ್ಟಿದ ನಟ ಬಳ್ಳಾರಿ ರಾಘವರು (1880–1946) ಬೆಳಗಿದ ನೆಲವೂ ಇದೇ. ಕೊಲ್ಕತ್ತಾದ ದ್ವಾರಕಾನಾಥ ಘೋಷ್ ಕೈತಿದಿಯ ಪೆಟ್ಟಿಗೆ ಮಾಡಿ ಹಾರ್ಮೋನಿಯಂ ಅನ್ನು ನೆಲಕ್ಕೆ ಕೂರಿಸಿದ ಮೇಲೆ ಅದು ಭಜನೆಗೂ ಬಂತು. ನಾಟಕದವರು ಕಾಲಿನಿಂದ ತಿದಿ ತುಳಿಯುವ ಲೆಗ್ ಹಾರ್ಮೋನಿಯಂ ಅನ್ನೂ ಇಟ್ಟುಕೊಂಡರು. ಮಡಕಶಿರಾ, ಅಮರಾಪುರದ ಕಡೆ ಕನ್ನಡದಲ್ಲಿ 'ಕುರುಕ್ಷೇತ್ರ' ಕಟ್ಟಿದರೂ ಹಿಂದೂಪುರದ ಕಡೆ ತೆಲುಗಿನಲ್ಲಿ ಪದ್ಯನಾಟಕ ಕಟ್ಟಿದರೂ ಮೊದಲು ಹುಡುಕುವುದು ಹಾರ್ಮೋನಿಯಂ ಮೇಷ್ಟ್ರನ್ನು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿ ಮೂರು ದಶಕ ಹೊರಗಿಟ್ಟಿತು. ಗಮಕಕ್ಕೆ ಒಗ್ಗದ ವಾದ್ಯ ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಹಳ್ಳಿಯ ನಾಟಕ ಆ ಆಕ್ಷೇಪಕ್ಕೆ ಕಿವಿಗೊಡಲಿಲ್ಲ.

ಪಿಯಾನೊ ಇದೇ ಕಾಲದಲ್ಲಿ ಬೇರೆ ದಾರಿ ಹಿಡಿಯಿತು. ಮೈಸೂರಿನಲ್ಲಿ ಅದು ಅರಮನೆಯ ವಾದ್ಯ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸೆರ್ಟೊವನ್ನು ಅವರಿಗೆ ಅರ್ಪಿಸಿದ. ಪ್ಯಾರಿಸ್ಸಿನ ನಡುಮನೆಗಳಲ್ಲಿ ಪಕ್ಕಪಕ್ಕದಲ್ಲಿ ಕುಳಿತ ಎರಡು ವಾದ್ಯಗಳು ನಮ್ಮಲ್ಲಿ ಒಂದು ದೊರೆಯ ಪಾಲಿಗೆ, ಇನ್ನೊಂದು ಹಳ್ಳಿಯ ಪಾಲಿಗೆ ಹೋದವು. ಕೂಡಿಕೊಳ್ಳುವ ಜಾಗ ಒಂದಿದ್ದರೆ ಅದು ಚರ್ಚು. ಆ ಜಾಗವನ್ನು ಈಗ ಕೀಬೋರ್ಡು ಒಬ್ಬಂಟಿಯಾಗಿ ಆಕ್ರಮಿಸಿದೆ.

ಕೀಬೋರ್ಡಿನ ಅನುಕೂಲಗಳನ್ನು ಅಲ್ಲಗಳೆಯುವುದು ಅನ್ಯಾಯ. ಬೈಕಿನ ಮೇಲೆ ಕಟ್ಟಿಕೊಂಡು ಪಕ್ಕದ ಊರಿನ ಕೂಟಕ್ಕೆ ಒಯ್ಯಬಹುದು. ಹಾಡುವವರ ಕಂಠಕ್ಕೆ ತಕ್ಕಂತೆ ಒಂದೇ ಗುಂಡಿಯಲ್ಲಿ ಶ್ರುತಿ ಬದಲಿಸಬಹುದು. ಸ್ವರಲಿಪಿ ಓದಲು ಬಾರದ ಹುಡುಗ ಹುಡುಗಿಯರೂ ಕೇಳಿ ಕೇಳಿಯೇ ನುಡಿಸುವಷ್ಟು ಕಲಿತಿದ್ದಾರೆ, ಅವರ ಕಿವಿ ಚುರುಕಾಗಿದೆ. ನನ್ನ ತಕರಾರು ಅವರ ಮೇಲೂ ಇಲ್ಲ, ಯಂತ್ರದ ಮೇಲೂ ಇಲ್ಲ. ಎರಡು ದನಿಗಳನ್ನು ಒಂದೇ ಕೈಗೆ ಅಂಟಿಸುವ ಅಭ್ಯಾಸದ ಮೇಲೆ. ಪಿಯಾನೊ ದನಿಯೂ ಆರ್ಗನ್ ದನಿಯೂ ಒಂದೇ ಬೆರಳಿಗೆ ಒಟ್ಟಿಗೆ ಹೊರಟರೆ ಆರುವುದನ್ನು ಉಳಿಯುವುದು ಮುಚ್ಚುತ್ತದೆ. ಕೀರ್ತನೆಯ ಸಾಲು ಮುಗಿದು ಸಭೆ ಉಸಿರು ಎಳೆದುಕೊಳ್ಳುವ ಜಾಗದಲ್ಲೂ ದನಿ ತುಂಬಿಕೊಂಡೇ ಇರುತ್ತದೆ. ಸಾಲದ್ದಕ್ಕೆ ರೆಡಿಮೇಡ್ ತಾಳ ಓಡುತ್ತಿದ್ದರೆ ಸಭೆಗೆ ಕಾಯುವವರೇ ಇಲ್ಲ. ವಯಸ್ಸಾದವರು ಸಾಲಿನ ಕೊನೆಯನ್ನು ಬಿಟ್ಟು ಮುಂದಿನ ಸಾಲಿಗೆ ಹಾರುವುದನ್ನು ಯಾವ ಭಾನುವಾರ ಬೇಕಾದರೂ ಗಮನಿಸಬಹುದು. ತಿದಿ ಒತ್ತುವವನಿಗಾದರೆ ತನ್ನ ಕಾಲೋ ಕೈಯೋ ಸಾಲಿನ ಕೊನೆಯನ್ನು ಹೇಳಿಕೊಡುತ್ತದೆ. ಗಾಳಿ ಮುಗಿಯುವಾಗ ಸಭೆಯ ಗಾಳಿಯೂ ಮುಗಿದಿರುತ್ತದೆ.

ತೆಲುಗು-ಕನ್ನಡ ಬೆರೆತ ಸಭೆಗೆ ಫ್ರಾನ್ಸಿನ ಜೋಡಿಕೃತಿ ಏಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ನಮ್ಮ ಕೀರ್ತನೆಪುಸ್ತಕಗಳಲ್ಲಿ ಪಾಶ್ಚಾತ್ಯ ಧಾಟಿಗಳೂ ದೇಶೀ ರಾಗಗಳೂ ಜೊತೆಯಲ್ಲೇ ಇವೆ, ಸಭೆ ಎರಡನ್ನೂ ತನ್ನದೆಂದೇ ಹಾಡುತ್ತದೆ. ಫ್ರಾಂಕ್‌ನಿಂದ ನಾವು ಕಲಿಯಬೇಕಾದದ್ದು ಅವನ ಧಾಟಿಯನ್ನಲ್ಲ, ಹಂಚಿಕೆಯನ್ನು. ಹಾಡುವುದನ್ನು ಉಳಿಯುವ ದನಿಗೆ ಕೊಡು, ನಡೆಯುವುದನ್ನು ಆರುವ ದನಿಗೆ ಕೊಡು, ಇಬ್ಬರೂ ಒಮ್ಮೆಗೇ ಜೋರಾಗದಂತೆ ನೋಡಿಕೋ. ರಾಗದ ಕೀರ್ತನೆಯಲ್ಲಿ ಪಿಯಾನೊ ಇನ್ನೂ ಕಡಿಮೆ ಮಾತಾಡಬೇಕು. ಸ್ವರಮೇಳಗಳನ್ನು ಗುಡ್ಡೆ ಹಾಕಿದರೆ ರಾಗದ ನಡೆ ಮುರಿಯುತ್ತದೆ. ಷಡ್ಜ ಪಂಚಮವನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿ ಬಿಟ್ಟರೆ ಸಾಕು.

ಇದಕ್ಕೆ ಬೇಕಾದದ್ದು ಕೈಗೆಟುಕುವಂಥದ್ದೇ. ಇರುವ ಕೀಬೋರ್ಡನ್ನು ಪಿಯಾನೊ ದನಿಗೆ ಮಾತ್ರ ಮೀಸಲಿಡಿ, ತಾಳದ ಗುಂಡಿಯನ್ನು ಮುಟ್ಟಬೇಡಿ. ಪಕ್ಕದಲ್ಲಿ ಒಂದು ಲೆಗ್ ಹಾರ್ಮೋನಿಯಂ ಇರಲಿ. ಕೈತಿದಿಯದರಲ್ಲಿ ಒಂದು ಕೈ ಗಾಳಿಗೇ ಹೋಗುವುದರಿಂದ ಫ್ರಾಂಕ್‌ನ ಕೃತಿಗೆ ಅದು ಸಾಲದು, ಕೀರ್ತನೆಯ ಒಂದೆಳೆಗೆ ಧಾರಾಳವಾಗಿ ಸಾಕು. ನಾಟಕದ ಮೇಷ್ಟ್ರನ್ನು ಕರೆದು ಕೂರಿಸಿ. ಪಾತ್ರಧಾರಿ ಪದ್ಯದ ಕೊನೆಯ ಸ್ವರವನ್ನು ಎಳೆಯುವಾಗ ತಾನು ಎಷ್ಟು ತಗ್ಗಬೇಕು, ಅವನ ಉಸಿರು ಸೋತಾಗ ಎಲ್ಲಿ ಎತ್ತಿಕೊಳ್ಳಬೇಕು ಎಂಬುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಂದೂಪುರ, ಕಲ್ಯಾಣದುರ್ಗದ ಚರ್ಚುಗಳು ಮುಂದಿನ ಕ್ರಿಸ್ಮಸ್‌ಗೆ ಇಷ್ಟನ್ನು ಮಾಡಿ ನೋಡಲಿ. ಎರಡು ವಾದ್ಯ, ಇಬ್ಬರು ನುಡಿಸುವವರು, ಒಂದು ಕೀರ್ತನೆ. ಅದು ಚೆನ್ನಾಗಿ ಕೂಡಿಬಂದರೆ ಫ್ರಾಂಕ್‌ನ ಪ್ರೆಲ್ಯೂಡ್ ನುಡಿಸಲು ಈ ಸೀಮೆಯವರೇ ಮುಂದೆ ಬರುತ್ತಾರೆ ಎಂಬ ನಂಬಿಕೆ ನನಗಿದೆ.