ಸರದಿಯ ಸಾಲಿನಿಂದ ಕಂಡ ಮುದ್ರೆಗಳು

ದೆಹಲಿ ವಿಮಾನ ನಿಲ್ದಾಣದ ಮೂರನೆಯ ಟರ್ಮಿನಲಿಗೆ ಪರದೇಶದಿಂದ ಬಂದಿಳಿದವರನ್ನು ಇದಿರುಗೊಳ್ಳುವವು ಕೆಲವು ದೈತ್ಯಹಸ್ತಗಳು. 2010ರಲ್ಲಿ ತೆರೆದ ಈ ಕಟ್ಟಡದಲ್ಲಿ, ಇಮಿಗ್ರೇಷನ್ ಅಧಿಕಾರಿಗಳ ತಲೆಯ ಮೇಲ್ಗಡೆ, ತಾಮ್ರವರ್ಣದ ತಟ್ಟೆಗಳು ಕಿಕ್ಕಿರಿದ ಗೋಡೆಯಿಂದ ಅವು ಹೊರಚಾಚಿವೆ. ಜಯಪುರದ ವಿನ್ಯಾಸಕಾರ ಆಯುಷ್ ಕಾಸ್ಲಿವಾಲರ ಕಲ್ಪನೆ ಅದು.

ದೂರದಿಂದ ಕಂಡಾಗ ನನಗೆ ಅಷ್ಟಾಗಿ ರುಚಿಸಲಿಲ್ಲವೆಂದೇ ಹೇಳಬೇಕು. ಮುದ್ರೆಯೊಂದು ಇನ್ನೊಂದರಿಂದ ಹುಟ್ಟಿ ಮತ್ತೊಂದರಲ್ಲಿ ಕರಗುವಾಗಲೇ ಅದಕ್ಕೆ ಜೀವ. ಕೈ ಹೋದತ್ತ ಕಣ್ಣೂ ಹೋಗಬೇಕೆಂಬುದು ನಮ್ಮ ನಾಟ್ಯಗುರುಗಳು ಕಲಿಸುವ ಪಾಠ. ಇಲ್ಲಿಯೋ, ಕೈಯುಂಟು, ಕಣ್ಣಿಲ್ಲ, ಹುಬ್ಬಿಲ್ಲ, ತಾಳವಿಲ್ಲ. ತಟ್ಟೆಗಳ ಥಳಕಂತೂ ಪಾತ್ರೆಯಂಗಡಿಯನ್ನು ನೆನಪಿಗೆ ತರುತ್ತದೆ.

ಆದರೆ ಸಾಲಿನಲ್ಲಿ ನಿಂತ ಮೇಲೆ ಈ ಅಭಿಪ್ರಾಯ ಸಡಿಲಿತು. ಹೆಜ್ಜೆ ಹೆಜ್ಜೆಯಾಗಿ ಸರಿಯುವ ಪ್ರಯಾಣಿಕನ ಕಣ್ಣೇ ಒಂದು ಹಸ್ತದಿಂದ ಮತ್ತೊಂದಕ್ಕೆ ಸಾಗುತ್ತದೆ. ಆ ಕುಂಟುನಡೆಯೇ ತಾಳವಾಗುತ್ತದೆ. ಅದರಲ್ಲಿಯೂ ಆ ಎತ್ತಿದ ಅಂಗೈ! ಗುಡಿಯ ಮೂರ್ತಿಗಳನ್ನು ಕಂಡು ಬೆಳೆದವನಿಗೆ ಅದು ಅಭಯಹಸ್ತ. ಪರಿಚಯವಿಲ್ಲದವನಿಗೆ 'ನಿಲ್ಲು' ಎನ್ನುವ ಪೊಲೀಸಿನವನ ಕೈ. ಕೆಳಗೆ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡುವ ಅಧಿಕಾರಿ ಕುಳಿತಿರುವುದರಿಂದ ಎರಡು ಅರ್ಥವೂ ಸಲ್ಲುತ್ತದೆ. ಕಲಾವಿದರು ಉದ್ದೇಶಿಸಿದರೋ ಇಲ್ಲವೋ, ಕೃತಿ ಗೆದ್ದಿರುವುದು ಇಲ್ಲಿ. ಇದೇ ಕೈಯನ್ನು ಚಿತ್ರಶಾಲೆಯಲ್ಲಿಟ್ಟರೆ, ಅಲ್ಲಿ ಯಾರಿಗೆ ಯಾವ ಭಯವಿದೆಯೆಂದು ಅಭಯ?

ಮೊಬೈಲಿನಿಂದ ತಲೆಯೆತ್ತದೆ ಅನೇಕರು ದಾಟಿಹೋದರು. ನನಗೂ ಕೊನೆಯ ಎರಡು ಹಸ್ತಗಳು ತಪ್ಪಿದವು: ಸರದಿ ಬಂದಿತ್ತು, ಪಾಸ್‌ಪೋರ್ಟ್ ಚೀಲದ ತಳದಲ್ಲಿತ್ತು.